ಮರದಿಂದಿಳಿಯದ ಅಳಿಲು
(ವಾಚನಾಲಯದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘ ಸಂಸ್ಥೆಗಳ ಸಭೆಗಳಲ್ಲಿ ‘ಅಳಿಲು ಸೇವೆ’ ಎಂಬ ಮಾತು ಕೇಳಿಬರದ ದಿನವಿಲ್ಲ. ವಾಚನಾಲಯಕ್ಕೆ ನಾಲ್ಕು ಪುಸ್ತಕ ಕೊಟ್ಟವರೂ, ಒಂದು ಬೆಂಚು ಮಾಡಿಸಿಕೊಟ್ಟವರೂ ತಮ್ಮದು ಅಳಿಲು ಸೇವೆಯೆಂದೇ ವಿನಯದಿಂದ ಹೇಳುತ್ತಾರೆ. ಸೇತುವೆ ಕಟ್ಟುವಾಗ ಮರಳು ತಂದ ಅಳಿಲಿನ ಬೆನ್ನನ್ನು ಶ್ರೀರಾಮನು ಸವರಿದನೆಂದೂ, ಆತನ ಬೆರಳಿನ ಗುರುತೇ ಮೂರು ಗೆರೆಗಳಾಗಿ ಉಳಿಯಿತೆಂದೂ ಅಜ್ಜಿಯ ಬಾಯಿಂದ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಉತ್ತರ ಕರ್ನಾಟಕದವರು ಇಣಚಿ ಎಂದು ಕರೆಯುವ, ತುಳುನಾಡಿನವರು ಚಣಿಲ್ ಎನ್ನುವ ಆ ಚಿಕ್ಕ ಪ್ರಾಣಿ ನಮಗೆಲ್ಲ ಪರಿಚಿತವಾದುದು. ಊರ ಹಿತ್ತಲಿನಲ್ಲಿಯೂ ಅದಿದೆ, ಈ ಮುಂಬಯಿಯ ಉದ್ಯಾನಗಳ ಮರಗಳಲ್ಲಿಯೂ ಅದರ ಜಾತಿಯವು ಇವೆ.

ಇಂದು ನಾವು ಹೇಳಹೊರಟಿರುವುದು ಬೆನ್ನ ಮೇಲೆ ಗೆರೆಯೇ ಇಲ್ಲದ ಇನ್ನೊಂದು ಅಳಿಲಿನ ಸಂಗತಿ. ಕನ್ನಡದಲ್ಲಿ ಇದನ್ನು ಕೆಂದಳಿಲು ಎನ್ನುತ್ತಾರೆ. ಮರಾಠಿಯಲ್ಲಿ ಇದರ ಹೆಸರು ಶೇಕರು. ಮಹಾರಾಷ್ಟ್ರ ಸರಕಾರವು ತನ್ನ ರಾಜ್ಯಪ್ರಾಣಿಯೆಂದು ಆರಿಸಿಕೊಂಡಿರುವುದು ಹುಲಿಯನ್ನಲ್ಲ, ಆನೆಯನ್ನಲ್ಲ, ಈ ಅಳಿಲನ್ನು. ನಾವು ಅನ್ನ ತಿನ್ನುತ್ತಿರುವ ರಾಜ್ಯದ ಪ್ರಾಣಿ ಇದು. ನಮ್ಮ ತವರಿನ ಘಟ್ಟದ ಕಾಡುಗಳಲ್ಲಿಯೂ ಬಾಳುವ ಪ್ರಾಣಿ ಇದು. ಆದುದರಿಂದ ಇದರ ವಿಷಯ ನಾಲ್ಕು ಮಾತು ತಿಳಿದಿರುವುದು ನಮಗೆ ಒಳ್ಳೆಯದೆಂದು ತೋರಿತು.

ಮೊದಲು ಹೆಸರಿನ ಕಥೆ. ೧೭೭೧ರಲ್ಲಿ ತಾಮಸ್ ಪೆನ್ನಂಟ್ ಎಂಬ ಪಂಡಿತರು ಬ್ರಿಟನ್ನಿನಲ್ಲಿ ಚತುಷ್ಪಾದ ಪ್ರಾಣಿಗಳ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಈ ಪ್ರಾಣಿಗೆ ಅವರು ಇಟ್ಟ ಹೆಸರು ‘ಬಾಂಬೆ ಅಳಿಲು’. ಆರು ವರ್ಷಗಳ ಮೇಲೆ, ೧೭೭೭ರಲ್ಲಿ, ಎರ್ಕ್ಸ್‌ಲೇಬೆನ್ ಎಂಬ ಜರ್ಮನ್ ವಿದ್ವಾಂಸರು ಆ ವರ್ಣನೆಯ ಆಧಾರದ ಮೇಲೆ ಇದಕ್ಕೆ ಲ್ಯಾಟಿನ್ ಹೆಸರು ಕೊಟ್ಟರು. ಇಂದು ಶಾಸ್ತ್ರಜ್ಞರು ಇದನ್ನು ‘ರಟುಫಾ ಇಂಡಿಕಾ’ ಎಂದು ಕರೆಯುತ್ತಾರೆ. ಶಾಸ್ತ್ರದ ದಾಖಲೆಯಲ್ಲಿ ಇದರ ಮೂಲಸ್ಥಳ ಮುಂಬಯಿ ಎಂದೇ ಬರೆದಿದೆ.

ಇದನ್ನು ಓದಿದಾಗ ನಮಗೆ ಆಶ್ಚರ್ಯವಾಯಿತು. ಅಂದಿನ ಮುಂಬಯಿ ಸಮುದ್ರದ ನೀರು ನಡುವೆ ಹರಿಯುತ್ತಿದ್ದ ಬಿಡಿ ದ್ವೀಪಗಳ ಊರು. ತೆಂಗು ತಾಳೆಗಳ ತೋಟ, ಬತ್ತದ ಗದ್ದೆ, ಕೋಳಿ ಜನರ ಮೀನಿನ ಹಾಡಿ, ಕೋಟೆ ಮತ್ತು ಬಂದರು, ಇವೇ ಅಲ್ಲಿದ್ದವು. ಈ ಅಳಿಲಿಗೆ ಬೇಕಾದುದು ಘಟ್ಟದ ದಟ್ಟವಾದ ಕಾಡು. ಘಟ್ಟದ ಕಾಡಿನಿಂದ ಬಂದ ತೊಗಲು ಮುಂಬಯಿಯ ಬಂದರಿನಲ್ಲಿ ಹಡಗು ಹತ್ತಿರಬೇಕು. ಹಡಗು ಹೊರಟ ಊರಿನ ಹೆಸರೇ ಪ್ರಾಣಿಗೂ ಅಂಟಿಕೊಂಡಿತೆಂದು ತೋರುತ್ತದೆ. ನಮ್ಮಲ್ಲಿ ಹಲವರಿಗೆ ಇದು ಹೊಸ ಅನುಭವವೇನಲ್ಲ. ರಜೆಗೆ ಊರಿಗೆ ಹೋದರೆ ‘ಬೊಂಬಾಯಿಯವರು ಬಂದರು’ ಎನ್ನುತ್ತಾರೆ. ಇಲ್ಲಿಗೆ ಮರಳಿದರೆ ‘ನಿಮ್ಮದು ಯಾವ ಊರು?’ ಎಂದು ಕೇಳುತ್ತಾರೆ.

ಇನ್ನೊಂದು ಹೆಸರನ್ನೂ ಹೇಳಬೇಕು. ಕರ್ನಲ್ ಸೈಕ್ಸ್ ಎಂಬ ಅಧಿಕಾರಿ ೧೮೩೧ರಲ್ಲಿ ಈ ಸೀಮೆಯ ಘಟ್ಟದ ಕೆಂದಳಿಲನ್ನು ವರ್ಣಿಸಿ, ಮುಂಬಯಿಯ ಗವರ್ನರರಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಎಲ್ಫಿನ್‌ಸ್ಟನ್ ಕಾಲೇಜಿಗೆ ಹೆಸರು ಬಂದದ್ದೂ ಇವರಿಂದಲೇ. ಗಿರಣಿಗಾಂವದವರಿಗೆ ಪರಿಚಿತವಾದ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಹೆಸರು ಮಾತ್ರ ೧೮೫೩ರಿಂದ ೧೮೬೦ರ ವರೆಗೆ ಗವರ್ನರರಾಗಿದ್ದ ಇನ್ನೊಬ್ಬ ಎಲ್ಫಿನ್‌ಸ್ಟನ್ ಪ್ರಭುವಿನದು. ೨೦೧೮ರಲ್ಲಿ ಆ ಸ್ಟೇಷನ್ನು ಪ್ರಭಾದೇವಿಯಾಯಿತು. ಶಾಸ್ತ್ರದ ಪುಸ್ತಕದಲ್ಲಿ ಭೀಮಾಶಂಕರದ ಅಳಿಲು ಇಂದಿಗೂ ‘ಎಲ್ಫಿನ್‌ಸ್ಟೋನಿ’ಯಾಗಿಯೇ ಉಳಿದಿದೆ.

ಇನ್ನು ಪ್ರಾಣಿಯ ರೂಪಕ್ಕೆ ಬರೋಣ. ನಮ್ಮ ಹಿತ್ತಲಿನ ಇಣಚಿ ಸುಮಾರು ೧೦೦ ಗ್ರಾಂ ತೂಗುತ್ತದೆ. ಕೆಂದಳಿಲು ಒಂದೂವರೆಯಿಂದ ೨ ಕಿಲೋ ತೂಗುತ್ತದೆ. ಎಂದರೆ ಹದಿನೈದು ಇಪ್ಪತ್ತು ಇಣಚಿಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿದರೆ ಇದೊಂದಕ್ಕೆ ಸಮವಾದೀತು. ಮೂಗಿನಿಂದ ಬಾಲದ ಬುಡದ ವರೆಗೆ ಒಂದು ಅಡಿಗೂ ಮಿಕ್ಕಿ ಉದ್ದ. ಬಾಲವು ಮೈಗಿಂತಲೂ ಉದ್ದವಾಗಿ ಪೊದೆಯಂತಿರುತ್ತದೆ. ಬೆನ್ನು ಕಂದುಗೆಂಪು, ಹೊಟ್ಟೆ ಮತ್ತು ಎದೆ ಕೆನೆಯ ಬಣ್ಣ. ಎರಡು ಕಿವಿಗಳ ನಡುವೆ ಒಂದು ಬಿಳಿಯ ಮಚ್ಚೆ ಕಾಣುವುದುಂಟು. ಮುಂಗಾಲಿನ ಅಂಗೈ ಅಗಲವಾಗಿದ್ದು, ಉಗುರುಗಳು ಗಟ್ಟಿಯಾಗಿವೆ; ತೊಗಟೆಯನ್ನು ಹಿಡಿದು ಲಂಬವಾದ ಕಾಂಡದ ಮೇಲೆ ತಲೆಕೆಳಗಾಗಿಯೂ ಅದು ನಿಲ್ಲಬಲ್ಲದು. ಇಲಿ ಹೆಗ್ಗಣಗಳಂತೆ ಇದೂ ದಂಶಕ ಜಾತಿಯ ಪ್ರಾಣಿ. ಮುಂಬಲ್ಲುಗಳು ಬಾಳಿನುದ್ದಕ್ಕೂ ಬೆಳೆಯುತ್ತಲೇ ಇರುತ್ತವೆ; ಗಟ್ಟಿ ಕಾಯಿಗಳನ್ನು ಕಡಿದು ಕಡಿದು ಅವನ್ನು ಸವೆಸುತ್ತಿರಬೇಕು.

ಕೆಂದಳಿಲು ಹಗಲಿನ ಜೀವಿ. ಅದೇ ಕಾಡಿನಲ್ಲಿ ಮಲೆನಾಡಿನವರು ಹಾರುಬೆಕ್ಕು ಎನ್ನುವ ಹಾರುವ ಅಳಿಲೂ ಇದೆ. ಅದು ಕತ್ತಲಾದ ಮೇಲೆ ಹೊರಡುತ್ತದೆ. ಹೀಗೆ ಒಂದೇ ಮರದಲ್ಲಿ ಹಗಲು ಪಾಳಿ ಒಬ್ಬರದು, ರಾತ್ರಿ ಪಾಳಿ ಇನ್ನೊಬ್ಬರದು. ಕೆಂದಳಿಲು ಬೆಳಿಗ್ಗೆ ಗೂಡಿನಿಂದ ಹೊರಟು ತಿನ್ನುತ್ತದೆ. ಬಿಸಿಲೇರಿದಾಗ ಒಂದು ಕೊಂಬೆಯ ಮೇಲೆ ಮೈಚಾಚಿ ಮಲಗುತ್ತದೆ. ಇಳಿಹೊತ್ತಿನಲ್ಲಿ ಪುನಃ ತಿನ್ನಲು ಹೊರಡುತ್ತದೆ. ಹಣ್ಣು, ಕಾಯಿ, ಬೀಜ, ಹೂವು, ಎಲೆ, ತೊಗಟೆ, ಎಲ್ಲವೂ ಅದಕ್ಕೆ ಆಹಾರ. ಒಮ್ಮೊಮ್ಮೆ ಹುಳುಗಳನ್ನೂ ಹಕ್ಕಿಯ ಮೊಟ್ಟೆಗಳನ್ನೂ ತಿನ್ನುವುದುಂಟು.

ತಿನ್ನುವಾಗ ಅದು ಕುಳಿತುಕೊಳ್ಳುವ ರೀತಿಯನ್ನು ಗಮನಿಸಬೇಕು. ಇಣಚಿಯು ನೆಟ್ಟಗೆ ಕುಳಿತು ಬಾಲವನ್ನು ಬೆನ್ನ ಮೇಲಕ್ಕೆ ಬಾಗಿಸಿಕೊಳ್ಳುತ್ತದೆ. ಕೆಂದಳಿಲು ಹಿಂಗಾಲುಗಳಿಂದ ಕೊಂಬೆಯನ್ನು ಹಿಡಿದು, ಮುಂಭಾಗವನ್ನು ಕೊಂಬೆಯ ಒಂದು ಪಕ್ಕಕ್ಕೆ ಬಾಗಿಸಿ, ಭಾರವಾದ ಬಾಲವನ್ನು ಇನ್ನೊಂದು ಪಕ್ಕಕ್ಕೆ ಇಳಿಬಿಡುತ್ತದೆ. ತಕ್ಕಡಿಯ ಎರಡು ತಟ್ಟೆಗಳ ಹಾಗೆ ಭಾರ ಸರಿಹೋಗುತ್ತದೆ. ಎರಡು ಕೈಗಳೂ ಆಗ ಕಾಯಿ ಹಿಡಿಯಲು ಬಿಡುವಾಗಿರುತ್ತವೆ. ನೋಡಲು ಅಲಂಕಾರವೆಂದು ತೋರುವ ಆ ಬಾಲ ಅದರ ತೂಕದ ಕಲ್ಲು.

ಮರದಿಂದ ಮರಕ್ಕೆ ಇದು ೨೦ ಅಡಿಗಳಷ್ಟು ದೂರ ನೆಗೆಯಬಲ್ಲದು. ನೆಲಕ್ಕೆ ಇಳಿಯುವುದು ಬಹಳ ಅಪರೂಪ. ಹುಟ್ಟುವುದು, ತಿನ್ನುವುದು, ಮಲಗುವುದು, ಮರಿಮಾಡುವುದು, ಎಲ್ಲವೂ ಮರದ ಮೇಲೆಯೇ. ಜೋಡಿ ಕೂಡುವ ಕಾಲವನ್ನೂ ತಾಯಿ ಮರಿಗಳನ್ನೂ ಬಿಟ್ಟರೆ ಸಾಮಾನ್ಯವಾಗಿ ಒಂಟಿಯಾಗಿಯೇ ಇರುತ್ತದೆ. ಒಂದು ಸೂಲಿಗೆ ಒಂದೋ ಎರಡೋ ಮರಿಗಳು, ಅಪರೂಪಕ್ಕೆ ಮೂರು. ಇಲಿಗಳ ಬಳಗವಾದರೂ ಇಲಿಗಳ ಹಾಗೆ ಹಿಂಡುಹಿಂಡಾಗಿ ಹೆಚ್ಚುವ ಪ್ರಾಣಿ ಇದಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಗೂಡಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಕಡ್ಡಿಗಳನ್ನೂ ಹಸಿಯೆಲೆಗಳನ್ನೂ ಹೆಣೆದು ದೊಡ್ಡ ಚೆಂಡಿನಂತಹ ಗೂಡನ್ನು ಅದು ಕಟ್ಟುತ್ತದೆ. ಕಟ್ಟುವ ಸ್ಥಳ ಎತ್ತರದ ಮರದ ತೆಳುವಾದ ತುದಿಕೊಂಬೆ. ಭಾರವಾದ ಶತ್ರು ಅಲ್ಲಿಗೆ ಬರಲಾರದು. ಒಂದೇ ಅಳಿಲಿಗೆ ತನ್ನ ವಲಯದಲ್ಲಿ ಹಲವು ಗೂಡುಗಳಿರುತ್ತವೆ. ಒಂದರಲ್ಲಿ ಮರಿ, ಮಿಕ್ಕವುಗಳಲ್ಲಿ ಮಲಗುವುದು. ಹತ್ತಡಿಯ ಖೋಲಿಯಲ್ಲಿ ಎಂಟು ಮಂದಿ ಬಾಳಿದ ಚಾಳಿನವರಿಗೆ ಇದನ್ನು ಕೇಳಿ ಹೊಟ್ಟೆಕಿಚ್ಚಾದರೆ ತಪ್ಪಲ್ಲ. ಶತ್ರುಗಳೆಂದರೆ ಆಕಾಶದಿಂದ ಎರಗುವ ಗಿಡುಗ ಮತ್ತು ಹದ್ದುಗಳು, ಮರವೇರುವ ಚಿರತೆ, ಹಾವುಗಳು. ಅಪಾಯ ಕಂಡಾಗ ಗಟ್ಟಿಯಾಗಿ ಕಟಕಟನೆ ಕೂಗಿ ಕಾಡಿಗೆಲ್ಲ ಸುದ್ದಿ ಕೊಡುತ್ತದೆ. ಇಲ್ಲವೆ ಕೊಂಬೆಗೆ ಮೈಯೊತ್ತಿ ಅಲುಗಾಡದೆ ಅಂಟಿಕೊಂಡುಬಿಡುತ್ತದೆ.

ಈ ಪ್ರಾಣಿ ಭಾರತದ ಹೊರಗೆ ಎಲ್ಲಿಯೂ ಕಾಡಿನಲ್ಲಿ ಹುಟ್ಟಿ ಬೆಳೆಯುವುದಿಲ್ಲ. ಇದರ ಸೋದರ ಜಾತಿಗಳು ಮೂರಿವೆ. ಕಪ್ಪು ದೊಡ್ಡಳಿಲು ಅಸ್ಸಾಮಿನ ಕಡೆಯಿಂದ ಆಚೆಗಿನ ದೇಶಗಳಲ್ಲಿದೆ. ಇನ್ನೊಂದು ಮಲಯ ಸೀಮೆಯದು. ಬೂದು ಬಣ್ಣದ ಮೂರನೆಯದು ಸಿಂಹಳದಲ್ಲಿಯೂ ದಕ್ಷಿಣ ಭಾರತದ ಕೆಲವೇ ಕಾಡುಗಳಲ್ಲಿಯೂ ಇದೆ. ಆ ಬೂದಳಿಲು ನಮ್ಮ ಕಾವೇರಿ ತೀರದ ವನ್ಯಧಾಮದಲ್ಲಿಯೂ ಉಂಟು.

ಕೆಂದಳಿಲಿನ ಬಣ್ಣವು ಕಾಡಿನಿಂದ ಕಾಡಿಗೆ ಬದಲಾಗುತ್ತದೆ. ಭೀಮಾಶಂಕರದಲ್ಲಿ ಕಂದುಗೆಂಪು ಮೈ, ತುದಿಗೆ ಬಿಳಿಚಾದ ಬಾಲ. ತೆಂಕಣ ಘಟ್ಟಗಳಿಗೆ ಹೋದಂತೆ ಬೆನ್ನಿಗೂ ಬಾಲಕ್ಕೂ ಕಪ್ಪು ಏರುತ್ತದೆ. ೧೮೮೩ರಲ್ಲಿ ಎಂಟು ಮಂದಿ ಆಸಕ್ತರು ಕೂಡಿ ಈ ನಗರದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅದು ೧೯೧೧ರಲ್ಲಿ ದೇಶದ ಸಸ್ತನಿಗಳ ದೊಡ್ಡ ಸಮೀಕ್ಷೆಯನ್ನು ಪ್ರಾರಂಭಿಸಿತು. ಆ ಸಂಗ್ರಹವನ್ನು ಪರಿಶೀಲಿಸಿದ ಕ್ಯಾಥಲೀನ್ ರೈಲಿ ಎಂಬ ಮಹಿಳೆ ೧೯೧೩ರಲ್ಲಿ ಕೊಡಗಿನ ಅಳಿಲಿಗೂ ಮಧ್ಯಭಾರತದ ಅಳಿಲಿಗೂ ಬೇರೆಬೇರೆ ಹೆಸರುಗಳನ್ನು ಕೊಟ್ಟರು. ೧೯೫೨ರಲ್ಲಿ ಹುಮಾಯೂನ್ ಅಬ್ದುಲಲಿ ಮತ್ತು ಜೆ. ಸಿ. ಡೇನಿಯಲ್ ಅವರು ಸೊಸೈಟಿಯ ಪತ್ರಿಕೆಯಲ್ಲಿ ಈ ಬಗೆಗಳನ್ನೆಲ್ಲ ಮತ್ತೆ ಪರಿಶೀಲಿಸಿ ಬರೆದರು.

ಇವುಗಳಲ್ಲಿ ಒಂದು ಬಗೆಯ ವಿಷಯ ಕೇಳಿ ವ್ಯಸನವಾಗುತ್ತದೆ. ಸೂರತ್ತಿನ ಬಳಿಯ ಡಾಂಗ್ ಕಾಡಿನಲ್ಲಿ ಬಿಳಿಚು ಬಣ್ಣದ ಕೆಂದಳಿಲು ಇತ್ತು. ೧೮೯೭ರಲ್ಲಿ ಬ್ಲಾನ್‌ಫೋರ್ಡ್ ಎಂಬವರು ಅದನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು. ಆ ಡಾಂಗ್ ಸೀಮೆ ೧೯೬೦ರ ಮೇ ೧ರ ವರೆಗೆ ನಮ್ಮ ಹಳೆಯ ಮುಂಬಯಿ ರಾಜ್ಯದಲ್ಲಿಯೇ ಇತ್ತು, ಈಗ ಗುಜರಾತಿನಲ್ಲಿದೆ. ಅಲ್ಲಿನ ಆ ಬಿಳಿಚು ಅಳಿಲು ಈಗ ಉಳಿದಿಲ್ಲವೆಂದೇ ತಜ್ಞರು ನಂಬಿದ್ದಾರೆ. ಹೆಸರು ಪುಸ್ತಕದಲ್ಲಿದೆ, ತೊಗಲು ಪೆಟ್ಟಿಗೆಯಲ್ಲಿದೆ, ಮರದ ಮೇಲೆ ಅಳಿಲಿಲ್ಲ.

ಒಂದು ಕಾಡಿನಿಂದ ಹೋದ ಕೆಂದಳಿಲು ಪುನಃ ಅಲ್ಲಿಗೆ ಏಕೆ ಬರುವುದಿಲ್ಲ ಎಂದು ನೀವು ಕೇಳಬಹುದು. ಈ ಭಾಷಣದ ಮುಖ್ಯ ಮಾತು ಇರುವುದು ಇಲ್ಲಿಯೇ. ಜಿಂಕೆ ಬಯಲನ್ನು ದಾಟಿ ಹೋದೀತು, ಹಕ್ಕಿ ಹಾರಿ ಹೋದೀತು. ನೆಲಕ್ಕಿಳಿಯಲು ಅಂಜುವ ಈ ಪ್ರಾಣಿಗೆ ಕೊಂಬೆಯೇ ರಸ್ತೆ. ಒಂದು ಮರದ ಕೊಂಬೆ ಮುಂದಿನ ಮರದ ಕೊಂಬೆಯನ್ನು ಮುಟ್ಟುತ್ತಿರಬೇಕು, ಇಲ್ಲವೆ ಒಂದು ನೆಗೆತದ ದೂರದಲ್ಲಿರಬೇಕು. ಕಾಡಿನ ನಡುವೆ ೫೦ ಅಡಿ ಅಗಲದ ರಸ್ತೆಯನ್ನು ತೆಗೆದರೆ ನಾವು ‘ಎಷ್ಟೇ ಮರ ಹೋಯಿತು?’ ಎನ್ನುತ್ತೇವೆ. ಮರದ ಲೆಕ್ಕದಲ್ಲಿ ಅದು ಸ್ವಲ್ಪವೇ ಇದ್ದೀತು. ೨೦ ಅಡಿ ನೆಗೆಯುವ ಪ್ರಾಣಿಗೆ ಮಾತ್ರ ಒಂದು ಕಾಡು ಎರಡಾಯಿತು. ಆಚೆ ಕಡೆ ಹಣ್ಣಾದರೂ ಈಚೆಯದಕ್ಕೆ ಸಿಗದು, ಈಚೆಯ ಗಂಡಿಗೆ ಆಚೆಯ ಹೆಣ್ಣು ಸಿಗದು. ಹೀಗೆ ನಾಲ್ಕು ಕಡೆ ಕತ್ತರಿಸಿದರೆ ಪ್ರತಿಯೊಂದು ತುಂಡಿನಲ್ಲಿ ಕೆಲವೇ ಅಳಿಲುಗಳು ಸೆರೆಯಾಗಿ, ಕಾಲಕ್ರಮದಲ್ಲಿ ಅಳಿಯುತ್ತವೆ. ಮಧ್ಯಭಾರತದ ಹೊಳೆದಂಡೆಯ ಎರಡು ಕಾಡುಗಳನ್ನು ಹೋಲಿಸಿ ಅಪರಾಜಿತಾ ದತ್ತಾ ಮತ್ತು ಎಸ್. ಪಿ. ಗೋಯಲ್ ಅವರು ೧೯೯೬ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಇಂತಹ ಅಧ್ಯಯನಗಳು ತೋರಿಸಿಕೊಟ್ಟ ಸಂಗತಿಯೆಂದರೆ, ಈ ಅಳಿಲಿಗೆ ಎತ್ತರದ ಮರಗಳು ಇದ್ದರೆ ಸಾಲದು, ಅವುಗಳ ತಲೆಗಳು ಒಂದಕ್ಕೊಂದು ಕೂಡಿಕೊಂಡಿರಬೇಕು.

ನಮಗೆ ಹತ್ತಿರದ ಕೆಂದಳಿಲಿನ ನಾಡು ಭೀಮಾಶಂಕರ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಆ ಕ್ಷೇತ್ರಕ್ಕೆ ನಮ್ಮಲ್ಲಿ ಹಲವರು ಹೋಗಿಬಂದಿದ್ದೀರಿ. ಪುಣೆ, ಠಾಣೆ, ರಾಯಗಡ ಜಿಲ್ಲೆಗಳು ಕೂಡುವ ಆ ಘಟ್ಟದ ಸುಮಾರು ೧೩೧ ಚದರ ಕಿಲೋಮೀಟರ್ ಕಾಡನ್ನು ೧೯೮೫ರಲ್ಲಿ ವನ್ಯಧಾಮವೆಂದು ಸಾರಿದರು. ಅಂಜನಿ, ನೇರಳೆ, ಮಾವು, ಅಳಲೆ ಮೊದಲಾದ ಮರಗಳು ಅಲ್ಲಿ ಒತ್ತಾಗಿ ಬೆಳೆದಿವೆ. ರೆನೀ ಬೋರ್ಜೆಸ್ ಎಂಬ ವಿದುಷಿ ೧೯೮೦ರ ದಶಕದಲ್ಲಿ ಆ ಕಾಡಿನಲ್ಲಿಯೇ ಇದ್ದು, ಕೆಂದಳಿಲು ಯಾವ ಎಲೆಯನ್ನು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ, ಏಕೆ ಬಿಡುತ್ತದೆ ಎಂಬುದನ್ನು ಸಹನೆಯಿಂದ ಅಭ್ಯಸಿಸಿದರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಆ ಕಾಡು ಉಳಿದದ್ದು ಸರಕಾರದ ಕಾಯಿದೆಯಿಂದ ಮಾತ್ರವಲ್ಲ. ಅಲ್ಲಿನ ಮಹಾದೇವ ಕೋಳಿ ಜನರು ತಲೆತಲಾಂತರದಿಂದ ದೇವರಕಾಡುಗಳಿಗೆ ಕೊಡಲಿ ಹಾಕದೆ ಕಾಯ್ದುಕೊಂಡು ಬಂದರು. ಮರಾಠಿಯಲ್ಲಿ ಇದಕ್ಕೆ ದೇವರಾಯಿ ಎನ್ನುತ್ತಾರೆ. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ದೇವರಕಾಡು ಎಂದರೆ ಎಲ್ಲರಿಗೂ ಗೊತ್ತು. ಮಾಧವ ಗಾಡಗೀಳ ಮತ್ತು ವಿ. ಡಿ. ವರ್ತಕ ಅವರು ೧೯೭೦ರ ದಶಕದಲ್ಲಿ ಈ ದೇವರಕಾಡುಗಳ ಮಹತ್ವವನ್ನು ವಿದ್ವತ್ ಲೋಕದ ಮುಂದಿಟ್ಟರು. ಕಾಡನ್ನು ಕಾಯುವ ನೆಪದಲ್ಲಿ ಕಾಡು ಕಾಯ್ದವರನ್ನೇ ಹೊರಗಟ್ಟುವುದು ನ್ಯಾಯವಲ್ಲವೆಂದು ನಮ್ಮ ನಮ್ರ ಅಭಿಪ್ರಾಯ.

ಭೀಮಾಶಂಕರವು ಕನ್ನಡಿಗರಿಗೆ ದೂರದ ಊರೂ ಅಲ್ಲ. ಭೀಮಾ ನದಿ ಹುಟ್ಟುವುದು ಅಲ್ಲಿಯೇ. ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳನ್ನು ತೊಯಿಸಿ, ಗಾಣಗಾಪುರದಲ್ಲಿ ಅಮರಜೆಯನ್ನು ಕೂಡಿಕೊಂಡು, ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುವ ಈ ನದಿಯ ಉದ್ದ ಸುಮಾರು ೮೬೦ ಕಿಲೋಮೀಟರ್. ಭೀಮೆಯ ನೀರೆಲ್ಲ ಆ ಒಂದು ಕಾಡಿನದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಮುಳಾ ಮುಠಾ, ನೀರಾ, ಸೀನಾ ಮೊದಲಾದ ಹೊಳೆಗಳೂ ದಾರಿಯಲ್ಲಿ ಕೂಡುತ್ತವೆ. ಆದರೂ ಮಳೆಯ ಹೊಡೆತವನ್ನು ಎಲೆಗಳ ಮೇಲೆ ತಾಳಿಕೊಂಡು, ನೀರನ್ನು ಬೇರಿನಲ್ಲಿ ಹಿಡಿದು, ಮೆಲ್ಲಗೆ ಝರಿಗಳಿಗೆ ಬಿಡುವ ಕೆಲಸವನ್ನು ಘಟ್ಟದ ನೆತ್ತಿಯ ಕಾಡುಗಳು ಮಾಡುತ್ತವೆ. ಇಂಡಿ, ಅಫಜಲಪುರದ ಕಡೆಯಿಂದ ಕೂಲಿ ಹುಡುಕಿಕೊಂಡು ಈ ನಗರಕ್ಕೆ ಬಂದವರು ಬತ್ತಿದ ಭೀಮೆಯನ್ನೂ ಕಂಡಿದ್ದಾರೆ, ಉಕ್ಕಿದ ಭೀಮೆಯನ್ನೂ ಕಂಡಿದ್ದಾರೆ. ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಓಡಾಡಿಕೊಂಡಿದೆ ಎಂದರೆ ನದಿಯ ತಲೆಯ ಮೇಲಿನ ಕಾಡು ಹರಿಯದೆ ಇದೆ ಎಂದರ್ಥ. ಅಷ್ಟರ ಮಟ್ಟಿಗೆ ಈ ಪ್ರಾಣಿಯ ಕ್ಷೇಮವೂ ನಮ್ಮ ಹೊಲಗಳ ಕ್ಷೇಮವೂ ಒಂದಕ್ಕೊಂದು ಹೊಂದಿಕೊಂಡಿವೆ.

ಕರ್ನಾಟಕದಲ್ಲಿ ದಾಂಡೇಲಿ, ಭದ್ರಾ, ಕುದುರೆಮುಖ, ನಾಗರಹೊಳೆ ಮೊದಲಾದ ಕಾಡುಗಳಲ್ಲಿ ಕೆಂದಳಿಲು ಇದೆ. ಘಟ್ಟದ ಕೆಳಗಿನ ತೋಟದವರು ಮಾತ್ರ ಇದನ್ನು ಹೊಗಳಲಾರರು. ತೆಂಗಿನ ಎಳೆಗಾಯಿಯನ್ನೂ ಕೋಕೋ ಕಾಯಿಯನ್ನೂ ಕೊರೆದು ನಷ್ಟಮಾಡುತ್ತದೆಂಬ ದೂರು ಸುಳ್ಳಲ್ಲ. ವರ್ಷದ ದುಡಿಮೆ ಹಾಳಾದವನಿಗೆ ಅಳಿಲಿನ ಚೆಲುವನ್ನು ವರ್ಣಿಸಿ ಪ್ರಯೋಜನವಿಲ್ಲ. ಕಾಡು ಕಿರಿದಾದಂತೆ ಪ್ರಾಣಿ ತೋಟಕ್ಕೆ ಬರುವುದು ಹೆಚ್ಚುತ್ತದೆ ಎಂಬುದನ್ನು ಅವರಿಗೂ ನಮಗೂ ತಿಳಿಯುವಂತೆ ಹೇಳಬೇಕು; ನಷ್ಟವಾದವರಿಗೆ ಪರಿಹಾರ ದೊರೆಯುವಂತೆಯೂ ಆಗಬೇಕು. ಬೇಟೆಯಂತೂ ಪರಿಹಾರವಲ್ಲ, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೆಂದಳಿಲನ್ನು ಕೊಲ್ಲುವುದೂ ಹಿಡಿದು ಸಾಕುವುದೂ ಅಪರಾಧ.

ಈಗ ನಾವು ಮಾಡಬಹುದಾದುದೇನು? ದೊಡ್ಡ ಮಾತುಗಳನ್ನು ಬಿಟ್ಟು ನಾಲ್ಕು ಸಣ್ಣ ಸೂಚನೆಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದಾಗಿ, ಬಿಡುವಿನ ಒಂದು ಭಾನುವಾರ ಇದನ್ನು ಕಣ್ಣಾರೆ ನೋಡಿಬರಬೇಕು. ಭೀಮಾಶಂಕರಕ್ಕೆ ಮಂಚರ ಮಾರ್ಗವಾಗಿ ಎಸ್.ಟಿ. ಬಸ್ಸಿನಲ್ಲಿ ಹೋಗಬಹುದು, ಕಾಲಿನಲ್ಲಿ ಕಸುವಿರುವ ತರುಣರು ಕರ್ಜತಿನ ಕಡೆಯಿಂದ ಖಾಂಡಸಕ್ಕೆ ಬಂದು ಗಣೇಶ ಘಾಟಿನ ದಾರಿಯಾಗಿ ಹತ್ತುತ್ತಾರೆ. ಮುರುಡದ ಬಳಿಯ ಫಣಸಾಡ ವನ್ಯಧಾಮದಲ್ಲಿಯೂ ಕೆಂದಳಿಲು ಇದೆ. ಬೆಳಗಿನ ಹೊತ್ತು ಹೋಗಬೇಕು, ಗದ್ದಲ ಮಾಡಬಾರದು. ಮೊದಲು ಮರದ ತುದಿಯಲ್ಲಿ ಎಲೆಯ ಚೆಂಡಿನಂತಹ ಗೂಡನ್ನು ಹುಡುಕಿರಿ. ಆಮೇಲೆ ಕಾಯಿಯ ಸಿಪ್ಪೆ ಎಲ್ಲಿ ಉದುರುತ್ತಿದೆಯೋ ಅಲ್ಲಿ ತಲೆಯೆತ್ತಿ ನೋಡಿರಿ.

ಎರಡನೆಯದಾಗಿ, ಹೋದಲ್ಲಿ ತಿಂಡಿಯ ಕಾಗದ, ಪ್ಲಾಸ್ಟಿಕ್ ಚೀಲಗಳನ್ನು ಚೆಲ್ಲಿ ಬರಬಾರದು. ಪ್ರಾಣಿಗಳಿಗೆ ಚಕ್ಕುಲಿ, ಬಿಸ್ಕೀಟು ಎಸೆಯಬಾರದು. ದೇವರ ದರ್ಶನಕ್ಕೆ ಹೋದವರು ದೇವರ ಕಾಡನ್ನು ಕೊಳೆ ಮಾಡಿ ಬಂದರೆ ಯಾತ್ರೆಯ ಫಲ ಎಷ್ಟು ಉಳಿದೀತು?

ಮೂರನೆಯದಾಗಿ, ಮಕ್ಕಳನ್ನು ಕೋಟೆ ಭಾಗದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿರಿ. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನಿಸಿದ್ದ ಅಲ್ಲಿ ಪ್ರಾಣಿಶಾಸ್ತ್ರದ ವಿಭಾಗವೊಂದಿದೆ. ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿಯೂ ಅದರ ನೆರೆಯಲ್ಲಿಯೇ ಇದೆ.

ಕೊನೆಯದಾಗಿ, ಊರಿಗೆ ಹೋದಾಗ ಹಿರಿಯರನ್ನು ಕೇಳಿರಿ: ಹಿಂದೆ ಯಾವ ಕಾಡಿನಲ್ಲಿ ಕೆಂದಳಿಲು ಕಾಣುತ್ತಿತ್ತು, ಈಗ ಕಾಣುತ್ತದೆಯೆ, ನಿಮ್ಮ ಕಡೆ ಅದಕ್ಕೆ ಏನೆಂದು ಹೆಸರು? ಕೇಳಿದುದನ್ನು ಒಂದು ಹಾಳೆಯಲ್ಲಿ ಊರು, ತಾಲೂಕು ಸಹಿತ ಬರೆದು ಈ ವಾಚನಾಲಯಕ್ಕೆ ತಂದುಕೊಡಿರಿ. ನಾವು ಅವನ್ನು ಒಂದು ಕಡತದಲ್ಲಿ ಸೇರಿಸಿಡುತ್ತೇವೆ. ಡಾಂಗ್ ಕಾಡಿನ ಅಳಿಲಿನ ಹಾಗೆ ನಮ್ಮ ಕಾಡಿನದೂ ಹೋಗುವ ಮೊದಲು, ಅದು ಎಲ್ಲಿದೆ ಎಂದು ಬರೆದಿಡುವುದಾದರೂ ನಮ್ಮಿಂದ ಆಗಲಿ. ಕಡತವನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಇಂದಿನಿಂದಲೇ ಇಟ್ಟಿರುತ್ತೇವೆ.